ಮೂರು ತಾಲೂಕು, ಒಬ್ಬನೇ ಗಂಡ

ಎರಡು ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವುದು ನನ್ನ ಹೊಟ್ಟೆಪಾಡು. ಇಷ್ಟು ವರ್ಷಗಳಲ್ಲಿ ಯಂತ್ರಗಳು ನನ್ನನ್ನು ನಗಿಸಿದ್ದು ನೆನಪಿಲ್ಲ. ಅವುಗಳ ಮುಂದೆ ಕೂತವರು ನಗಿಸದೆ ಬಿಟ್ಟ ವಾರವೂ ನೆನಪಿಲ್ಲ.

ಒಂದು ಟ್ರಸ್ಟು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಕಣ್ಣಿನ ಪೊರೆಯ ಆಪರೇಷನ್ ಪುಕ್ಕಟೆ ಮಾಡಿಸುತ್ತದೆ. ಮೂರೂ ಊರಿನಲ್ಲಿ ಒಂದೊಂದು ಸಣ್ಣ ಕಚೇರಿ, ಒಂದೊಂದು ಕಂಪ್ಯೂಟರು, ಅದರಲ್ಲಿ ಕನ್ನಡದಲ್ಲಿ ಬರೆದ ರೋಗಿಗಳ ಪಟ್ಟಿ. ಡಾಕ್ಟರುಗಳು ಬೇರೆ ರಾಜ್ಯದಿಂದ ವರ್ಷಕ್ಕೊಮ್ಮೆ ಬರುತ್ತಾರೆ. ಕನ್ನಡ ಅವರಿಗೆ ಓದಲು ಬಾರದು.

ನನಗೆ ಕೊಟ್ಟ ಕೆಲಸ ಎರಡು. ಒಂದು, ಡೇಟಾ ವರ್ಚುವಲೈಸೇಷನ್. ಹೆಸರು ದೊಡ್ಡದು, ವಿಷಯ ಸಣ್ಣದು: ಪಟ್ಟಿಗಳು ಎಲ್ಲಿವೆಯೋ ಅಲ್ಲೇ ಇರುತ್ತವೆ, ಯಾವುದನ್ನೂ ನಕಲು ಮಾಡುವುದಿಲ್ಲ. ಹೆಡ್ ಆಫೀಸಿನವರು ತೆರೆದು ನೋಡಿದಾಗ ಮಾತ್ರ ಮೂರೂ ಸೇರಿ ಒಂದೇ ಪಟ್ಟಿಯಂತೆ ಕಾಣುತ್ತವೆ. ಕಿಟಕಿ ಇದ್ದಂತೆ. ಎರಡು, ಆ ಕಿಟಕಿಗೆ ಒಂದು ಕ್ಲೌಡ್ ಅನುವಾದ ಸೇವೆಯನ್ನು ಜೋಡಿಸುವುದು. ಕನ್ನಡ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ ಇಂಗ್ಲಿಷಾಗಿ ಬರುತ್ತದೆ. ಎರಡನ್ನೂ ಜೋಡಿಸಲು ನನಗೆ ನಾಲ್ಕು ದಿನ ಸಾಕಾಯಿತು. ಉಳಿದ ನಾಲ್ಕು ತಿಂಗಳಿನ ಕಥೆ ಇದು.

೧. ಕೊಡಂಗಿಲ್ಲ

ಆಳಂದ ಕಚೇರಿಯ ಮ್ಯಾನೇಜರು ಸರಕಾರದಲ್ಲಿ ಕಾರಕೂನರಾಗಿ ನಿವೃತ್ತರಾದವರು. ನಾನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಕಪಾಟಿನ ಬೀಗ ಎಳೆದು ನೋಡಿಕೊಂಡರು.

"ಮದಲ ಹೇಳಿಬಿಡ್ತೇನ್ರಿ, ನಮ್ಮ ಪಟ್ಟಿ ಯಾರಿಗೂ ಕೊಡಂಗಿಲ್ಲ."

"ಕೊಡೋದು ಬ್ಯಾಡ್ರಿ. ಅದು ನಿಮ್ಮಲ್ಲೇ ಇರ್ತದ. ಅವರು ಅಲ್ಲಿಂದ ನೋಡ್ತಾರ, ಅಷ್ಟ."

"ಕಾಪಿ?"

"ಕಾಪಿನೂ ಇಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರ ಅವರು ಕೇಳ್ತಾರ, ನಾವು ಕೊಡಂಗಿಲ್ಲ, ಆದ್ರೂ ಕೊಟ್ಟಂಗ ಕಾಣ್ತದ?"

"ಹೌದ್ರಿ. ಅದಕ್ಕ ವರ್ಚುವಲೈಸೇಷನ್ ಅಂತಾರ."

ಕಪಾಟಿನ ಬೀಗದಿಂದ ಕೈ ತೆಗೆದು ಮೆಲ್ಲಗೆ ಅಂದರು: "ಮೂವತ್ತು ವರ್ಷ ನೌಕರಿಯಾಗ ನಾ ಮಾಡಿದ್ದೂ ಇದನ್ನರಿ. ಇದಕ್ಕೊಂದು ಹೆಸರದ ಅಂತ ಗೊತ್ತಿರಲಿಲ್ಲ."

೨. ಜೇವರ್ಗಿ ಇಲ್ಲ

ಜೋಡಿಸಿದ ಮೂರನೇ ದಿನ ಹೆಡ್ ಆಫೀಸಿನಿಂದ ಫೋನು: ಮಧ್ಯಾಹ್ನ ಒಂದೂವರೆಗೆ ಜೇವರ್ಗಿ ತಾಲೂಕು ಮಾಯವಾಗುತ್ತದೆ, ಮೂರಕ್ಕೆ ವಾಪಸು ಬರುತ್ತದೆ. ದಿನಾಲೂ. ನಾನು ನೆಟ್‌ವರ್ಕ್ ನೋಡಿದೆ, ರೂಟರ್ ನೋಡಿದೆ, ನಾನೇ ಬರೆದ ಪ್ರೋಗ್ರಾಮನ್ನು ಅನುಮಾನಿಸಿದೆ. ಕೊನೆಗೆ ಕಲಬುರಗಿಯಿಂದ ಬಸ್ಸು ಹತ್ತಿದೆ.

ಒಂದೂವರೆಗೆ ಆಪರೇಟರ್ ಅಕ್ಕೋರು ಎದ್ದರು. ಕಂಪ್ಯೂಟರ್ ಬಂದ್ ಮಾಡಿದರು. ಮೇನ್ ಸ್ವಿಚ್ ಆರಿಸಿದರು. ಕಸೂತಿ ಹಾಕಿದ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ನಾಲ್ಕೂ ಮೂಲೆ ಎಳೆದು ಸರಿ ಮಾಡಿದರು. ಕೂಸು ಮಲಗಿಸಿದ ಹಾಗೆ.

"ಅಕ್ಕೋರ, ಇದನ್ನ ಬಂದ್ ಮಾಡಬ್ಯಾಡ್ರಿ. ಪಟ್ಟಿ ಇಲ್ಲೇ ಇರ್ತದ, ನೀವು ಬಂದ್ ಮಾಡಿದ್ರ ಅಲ್ಲಿ ಕಾಣಸಂಗಿಲ್ಲ."

"ನಾ ಉಣ್ಣಾಕ ಹೋಗಿ ಅದನ್ನ ದುಡಿಯಾಕ ಹಚ್ಚಲೇನ್ರಿ?"

ನಾನೂ ಬಟ್ಟೆಯ ಒಂದು ಮೂಲೆ ಹಿಡಿದು ಸರಿ ಮಾಡಿದೆ.

ಬೆಂಚಿನ ಮೇಲೆ ಕೊಳಕೂರಿನ ಒಬ್ಬ ಮುದುಕಿ ಸೊಸೆಯ ಜೊತೆ ಕೂತಿದ್ದಳು. ಹೆಸರು ಶರಣಮ್ಮ. ಇಲ್ಲಿ ಹತ್ತು ಮನೆಗೊಬ್ಬ ಶರಣಮ್ಮ ಇರುತ್ತಾಳೆ, ಹಾಗಾಗಿ ನಮ್ಮ ಕಡೆ ಅಜ್ಜಿಗೆ ಅನ್ನುವಂತೆ ಆಯಿ ಅನ್ನುತ್ತೇನೆ. ಎಡಗಣ್ಣು ಹರೆಯದಲ್ಲೇ ಜಾಲಿಮುಳ್ಳು ಬಡಿದು ಹೋಗಿತ್ತು. ಬಲಗಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದು ಈಗ ಬೆಳಕು, ಕತ್ತಲು, ಇಷ್ಟೇ ತಿಳಿಯುತ್ತಿತ್ತು. ಈ ಸಲದ ಪಟ್ಟಿಯಲ್ಲಿ ಹೆಸರು ಬಂದರೆ ಕಣ್ಣು. ಬರದಿದ್ದರೆ ಇನ್ನೊಂದು ವರ್ಷ ಸೊಸೆಯ ಕೈ ಹಿಡಿದು ಬಚ್ಚಲಿಗೆ ಹೋಗಬೇಕು. ಸೊಸೆಗೆ ಅದರಲ್ಲಿ ಬೇಸರವಿರಲಿಲ್ಲ. ಆಯಿಗೆ ಇತ್ತು.

"ಏನಂತ ತಮ್ಮಾ, ಜೇವರ್ಗಿ ಕಾಣಸವಲ್ದು ಅಂತೇನು ಅವ್ರಿಗೆ?"

"ಹೌದು ಆಯಿ. ಮೂರು ಗಂಟೆತನ ಕಾಣಸಂಗಿಲ್ಲ."

"ನನಗೂ ಅವ್ರು ಕಾಣಸಂಗಿಲ್ಲ," ಅಂದಳು ಆಯಿ. "ಬರೋಬರ್ ಆತು ಬಿಡು."

೩. ಕುಶಲ

ಅಫಜಲಪುರದ ಆಪರೇಟರು ಐವತ್ತು ದಾಟಿದವರು. ಮೊದಲು ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಓದು ಬಾರದವರಿಗೆ ಕಾಗದ ಬರೆದುಕೊಡುತ್ತಿದ್ದರು. ಅವರಿಗೆ ನಾನು ಒಂದೇ ಮಾತು ವಿವರಿಸಿದ್ದೆ: "ಷರಾ ಕಾಲಮ್ಮಿನಾಗ ನೀವು ಬರದದ್ದು ಇಂಗ್ಲಿಷ್ ಆಗಿ ದೊಡ್ಡ ಡಾಕ್ಟರ್ ಕಡೆ ಹೋಗ್ತದ."

ವಾರದ ಮೇಲೆ ಹೆಡ್ ಆಫೀಸಿನ ದೊಡ್ಡ ಡಾಕ್ಟರೇ ಫೋನು ಮಾಡಿದರು. ಅಫಜಲಪುರದ ರೋಗಿಗಳೆಲ್ಲ ತನ್ನ ಆರೋಗ್ಯ ವಿಚಾರಿಸುತ್ತಿದ್ದಾರೆ, ಯಾಕೆ ಅಂತ. ನೋಡಿದರೆ ಷರಾದಲ್ಲಿ ಸಾಲು ಸಾಲು: "ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ತಾವು ಆರಾಮ ಇದ್ದೀರೆಂದು ತಿಳಿದಿದ್ದೇವೆ. ಮನೆಯಲ್ಲಿ ಮಕ್ಕಳು ಕ್ಷೇಮವೇ? ಈಕೆಗೆ ಬಲಗಣ್ಣು ಮಂಜಾಗಿದೆ." ಮುಂದಿನ ರೋಗಿಗೂ ಅದೇ. ಅನುವಾದ ಯಂತ್ರ ಒಂದು ಕುಶಲವನ್ನೂ ಬಿಡದೆ ತಲುಪಿಸಿತ್ತು.

ಅಫಜಲಪುರಕ್ಕೆ ಹೋಗಿ ಹೇಳಿದೆ. "ಅಣ್ಣಾರ, ಷರಾದಾಗ ಬರೇ ರೋಗ ಬರೀರಿ."

"ಒಮ್ಮಿಂದೊಮ್ಮೆ ಕಣ್ಣಿನ ವಿಷಯಕ್ಕ ಹೋಗ್ಬೇಕೇನ್ರಿ? ಅವರೇನ ಅನ್ಕೋತಾರ?"

"ಏನೂ ಅನ್ಕೊಳ್ಳಂಗಿಲ್ಲ. ನಿಲ್ಲಸ್ರಿ."

ಮರುದಿನ ತೆರೆದು ನೋಡಿದೆ. ಕುಶಲ ನಿಂತಿತ್ತು. ಬದಲಿಗೆ ಪ್ರತಿ ರೋಗಿಯ ಮುಂದೆ ಹೀಗಿತ್ತು: "ತಮ್ಮ ಕ್ಷೇಮ ಕೇಳಬಾರದೆಂದು ಇಲ್ಲಿನ ಕಂಪ್ಯೂಟರ್ ಸಾಹೇಬರು ಅಪ್ಪಣೆ ಮಾಡಿದ್ದಾರೆ. ಬೇಸರ ಮಾಡಿಕೊಳ್ಳಬಾರದು. ಎಡಗಣ್ಣು."

೪. ಒಂದನೇ ನಂಬರಿನ ರೋಗಿ

ಈ ವರ್ಷದ ಪಟ್ಟಿ ಹೊಸದಾಗಿ ತೆರೆಯಿತು. ನಮ್ಮ ಕಡೆ ಹೊಸ ಪುಸ್ತಕದ ಮೊದಲ ಸಾಲು ದೇವರಿಗೆ. ಅದು ಕಾಗದಕ್ಕೆ ಮಾತ್ರ ಅಂತ ಯಾರೂ ಹೇಳಿಲ್ಲ. ಮೂರೂ ಕಚೇರಿಯವರು, ಒಬ್ಬರನ್ನೊಬ್ಬರು ಕೇಳದೆ, ಕಂಪ್ಯೂಟರಿನ ಮೊದಲ ಸಾಲಿನಲ್ಲಿ ಶ್ರೀ ಗಣೇಶ ಎಂದು ಬರೆದರು. ಮುಂದಿನ ಕಾಲಮ್ಮುಗಳನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಒಪ್ಪುವುದಿಲ್ಲ. ಹಾಗಾಗಿ ತಂದೆಯ ಹೆಸರು ಶಿವ. ವಯಸ್ಸು ತೊಂಬತ್ತೊಂಬತ್ತು, ಅದಕ್ಕಿಂತ ಹೆಚ್ಚು ಕಂಪ್ಯೂಟರು ತೆಗೆದುಕೊಳ್ಳಲಿಲ್ಲ. ಊರು ಅಂತ ಕೇಳಿದ್ದಕ್ಕೆ ಆಳಂದದ ಮ್ಯಾನೇಜರು ತಮ್ಮ ಊರು ಜಿಡಗಾ ಎಂದೇ ಹಾಕಿದರು. ಯಾವ ಕಣ್ಣು? ಎರಡೂ.

ಹೆಡ್ ಆಫೀಸು ಗಣೇಶನಿಗೆ ಮೊದಲ ದಿನದ ಮೊದಲ ಹಾಸಿಗೆ ಕೊಟ್ಟಿತು. ಆಮೇಲೆ ಅನುಮಾನ ಬಂದು ನನಗೊಂದು ಖಾರವಾದ ಪತ್ರ ಬರೆಯಿತು: ಈ ವ್ಯಕ್ತಿ ಮೂರು ತಾಲೂಕಿನಲ್ಲಿ ಹೆಸರು ಬರೆಸಿ ಮೋಸ ಮಾಡಿದ್ದಾನೆ. ಇನ್ನು ಮುಂದೆ ರೋಗಿಯ ಹೆಸರು ಮತ್ತು ತಂದೆ ಅಥವಾ ಗಂಡನ ಹೆಸರು ಎರಡೂ ಒಂದೇ ಇದ್ದರೆ, ಅವರನ್ನು ಒಬ್ಬರೇ ಎಂದು ತಿಳಿಯಬೇಕು. ಹಳೆಯ ವರ್ಷಗಳ ಪಟ್ಟಿಗೂ ತಾಳೆ ನೋಡಬೇಕು. ಊರನ್ನು ಲೆಕ್ಕಕ್ಕೆ ಹಿಡಿಯಬಾರದು, ಹೆಂಗಸರು ತವರಿನಲ್ಲೊಮ್ಮೆ ಗಂಡನ ಮನೆಯಲ್ಲೊಮ್ಮೆ ಬರೆಸಬಹುದು. ವಯಸ್ಸನ್ನೂ ನಂಬಬಾರದು.

ನಿಯಮ ನನಗೂ ಸರಿ ಅನ್ನಿಸಿತು. ಹಾಕಿದೆ. ಆಮೇಲೆ ಆಳಂದಕ್ಕೆ ಫೋನು ಮಾಡಿ ರೇಗಿದೆ: "ಏನ್ರಿ ಇದು, ಒಬ್ಬನೇ ಮನಷ್ಯಾ ಮೂರು ಕಡೆ?"

ಮ್ಯಾನೇಜರು ತಾಳ್ಮೆಯಿಂದ ಅಂದರು: "ಅವ್ರು ಎಲ್ಲಾ ಕಡೆ ಇರ್ತಾರ್ರಿ. ಮೂರ ಕಡೆ ಸಿಕ್ಕಾರ ಅಂದ್ರ ನಿಮ್ಮ ಮಷೀನು ಜರಾ ಕಮ್ಮಿನ ಹುಡುಕ್ಯದ."

೫. ಮೂರು ಕಣ್ಣು

ಪಟ್ಟಿ ಮುಗಿಯುವ ದಿನ ನಾನು ಜೇವರ್ಗಿಯಲ್ಲಿದ್ದೆ. ಸಂಜೆ ಐದಕ್ಕೆ ಹೆಡ್ ಆಫೀಸು ಕಿಟಕಿ ಮುಚ್ಚಿ ತಾರೀಕು ಹಂಚುತ್ತದೆ. ಮೂರೂವರೆಗೆ ಆಯಿ ಸೊಸೆಯೊಂದಿಗೆ ಬಂದಳು. ಅಕ್ಕೋರು ಅವಳ ಹೆಸರು ತೆರೆದರು. ಕೆಂಪು ಗೆರೆ ಬಿದ್ದಿತ್ತು. ಆಪರೇಷನ್ ಈಗಾಗಲೇ ಆಗಿದೆ: ಆಳಂದದಲ್ಲಿ ಒಂದು ಕಣ್ಣು, ಅಫಜಲಪುರದಲ್ಲಿ ಎರಡು. ಒಟ್ಟು ಮೂರು. ಒಬ್ಬ ಹೆಂಗಸಿಗೆ ಮೂರು ಕಣ್ಣು ಹೇಗೆ ಅಂತ ಎರಡು ಯಂತ್ರಗಳಲ್ಲಿ ಒಂದಕ್ಕೂ ಅನುಮಾನ ಬಂದಿರಲಿಲ್ಲ.

ಕಾರಣ ಸಿಗಲು ಹತ್ತು ನಿಮಿಷ ಹಿಡಿಯಿತು. ಎರಡು ವರ್ಷದ ಹಿಂದೆ ಪಟ್ಟಿಯ ನಮೂನೆಯ ಜೊತೆ ಆಪರೇಟರುಗಳಿಗೆ ಕೊಟ್ಟ ಸೂಚನೆಯಲ್ಲಿ ಒಂದು ಸಾಲಿತ್ತು: ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಬರೆಯಿರಿ. ಅದು ರೋಗದ ಕಾಲಮ್ಮಿಗೆ. ಹಾಗಂತ ಬರೆದಿರಲಿಲ್ಲ. ಅವರು ಎಲ್ಲ ಕಾಲಮ್ಮಿಗೂ ಪಾಲಿಸಿದ್ದರು. ನಮ್ಮ ಹಳ್ಳಿಯ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಳಂದದ ಶರಣಮ್ಮ "ನಮ್ಮ ಮಾಲಕರು" ಅಂದಿದ್ದಳು. ಅಫಜಲಪುರದ ಶರಣಮ್ಮ "ಮನಿಯವರು" ಅಂದಿದ್ದಳು. ನಮ್ಮ ಆಯಿ "ಯಜಮಾನ್ರು" ಅಂದಿದ್ದಳು. ಹಾಗ್ಹಾಗೇ ಬರೆದಿದ್ದರು. ಕನ್ನಡದಲ್ಲೇ ಇದ್ದಿದ್ದರೆ ಮೂರೂ ಬೇರೆ ಬೇರೆ, ಯಾರಿಗೂ ತೊಂದರೆ ಇರಲಿಲ್ಲ. ಅನುವಾದ ಯಂತ್ರ ಮೂರನ್ನೂ ನಿಷ್ಠೆಯಿಂದ ಹಸ್‌ಬೆಂಡ್ ಮಾಡಿತು. ನನ್ನ ಕಿಟಕಿ ಆ ಮೂವರನ್ನು ಒಬ್ಬ ಗಂಡನ ಒಬ್ಬ ಹೆಂಡತಿ ಮಾಡಿತು.

ಎರಡು ಯಂತ್ರಗಳೂ ಸರಿಯಾಗಿಯೇ ಕೆಲಸ ಮಾಡಿದ್ದವು. ಆ ನಮೂನೆ ಮಾಡಿ ಸೂಚನೆ ಬರೆದವನು ನಾನು.

ಆಯಿಗೆ ಹೇಳಲೇಬೇಕಾಯಿತು. "ಆಯಿ, ನಿಮ್ಗ ಮೂರ ಕಣ್ಣಿನ ಆಪರೇಷನ್ ಆಗ್ಯದ ಅಂತ ತೋರಸಾಕತ್ತದ."

ಆಯಿ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. "ಮೂರ ಕಣ್ಣ ಒಬ್ಬವ್ಗ ಅದಾವ ತಮ್ಮಾ. ಅವನ ಗುಡಿ ಮೆಟ್ಟಲಾ ಕಾಣದ ನಾ ಹ್ವಾದ ಸ್ವಾಮಾರ ಬಿದ್ದು ಬಂದೇನಿ."

೬. ಗಂಡನ ಹೆಸರಿನ ಕಾಲಮ್ಮು

ಕೆಂಪು ಗೆರೆ ನಾನು ಅಳಿಸುವ ಹಾಗಿರಲಿಲ್ಲ. ನನ್ನ ಕೈಯಲ್ಲಿರುವುದು ಕಿಟಕಿ. ಗಾಜಿನ ಮೇಲೆ ತಿದ್ದಿದರೆ ಒಳಗಿನದು ಬದಲಾಗುವುದಿಲ್ಲ. ನಿಯಮ ತೆಗೆಯಲು ಹೆಡ್ ಆಫೀಸಿನ ಅಪ್ಪಣೆ ಬೇಕು, ಅಲ್ಲಿ ಯಾರೂ ಫೋನು ಎತ್ತುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ: ಜೇವರ್ಗಿಯ ಪಟ್ಟಿಯಲ್ಲೇ ಗಂಡನ ನಿಜವಾದ ಹೆಸರು ಬರೆಯಬೇಕು. ಗಂಟೆ ನಾಲ್ಕಾಗಿತ್ತು.

"ಆಯಿ, ಯಜಮಾನ್ರ ಹೆಸರು ಹೇಳ್ರಿ."

"ಛೀ!"

ಸೊಸೆಯನ್ನು ನೋಡಿದೆ. "ನೀವರ ಹೇಳ್ರಿ ಅಕ್ಕಾ."

"ಮಾವನ ಹೆಸರು ನಾ ಹೆಂಗ ಹೇಳ್ಲಿರಿ? ನೀವು ಓದಿದವರು, ಹಿಂಗ ಕೇಳ್ತೀರಿ?"

ಮುತ್ಯಾ, ಅಂದರೆ ಆಯಿಯ ಗಂಡ, ಕೊಳಕೂರಿನ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ. ಅವನ ಹತ್ತಿರ ಫೋನಿಲ್ಲ. ಮಗ ಲಾರಿ ತೆಗೆದುಕೊಂಡು ಸೋಲಾಪುರದ ಕಡೆ ಹೋಗಿದ್ದ, ಅವನ ಫೋನು ಹತ್ತುತ್ತಿರಲಿಲ್ಲ. ಆಧಾರ್ ಕಾರ್ಡು ಇತ್ತು. ಆಯಿ ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಮಡಚಿ ಇಟ್ಟಿದ್ದಳು. ಮಡಿಕೆ ಬಿದ್ದ ಕಡೆ ಸುಣ್ಣ ತಿಂದುಹೋಗಿತ್ತು. ಆ ಮಡಿಕೆ ಗಂಡನ ಹೆಸರಿನ ಮೇಲೇ ಬಿದ್ದಿತ್ತು. ಸುಣ್ಣಕ್ಕೂ ಸಂಪ್ರದಾಯ ಗೊತ್ತಿತ್ತು ಅಂತ ಕಾಣುತ್ತದೆ. ಸಂಖ್ಯೆಯಿಂದಲಾದರೂ ಗುರುತಿಸೋಣವೆಂದರೆ, ಕಾರ್ಡಿನ ಸಂಖ್ಯೆ ಇಟ್ಟುಕೊಳ್ಳಲು ಟ್ರಸ್ಟಿಗೆ ಅನುಮತಿ ಇಲ್ಲ.

ನಾನು ಅಕ್ಕೋರ ಕಿವಿಯಲ್ಲಿ ಹೇಳಿದೆ: "ಯಾವ್ದರ ಒಂದು ಹೆಸರು ಹಾಕಿಬಿಡ್ರಿ. ಬಸಪ್ಪ ಅಂತ ಹಾಕ್ರಿ."

ಅಕ್ಕೋರು ಜೋರಾಗಿಯೇ ಅಂದರು: "ಮುದಕಿಗೆ ಈ ವಯಸ್ಸಿನಾಗ ಇನ್ನೊಂದು ಲಗ್ನ ಮಾಡ್ಲೇನ್ರಿ ನಾನು?"

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ನನ್ನನ್ನು ನೋಡಿದರು. ಆಯಿ ಸೆರಗು ಸರಿ ಮಾಡಿಕೊಂಡು ಎದ್ದಳು. "ನಡಿ ಬೇ, ಹೋಗೂಣು. ಬರೂ ವರ್ಷ ನೋಡಿದ್ರಾತು." ಅದನ್ನು ಎಷ್ಟು ಸಹಜವಾಗಿ ಅಂದಳೆಂದರೆ, ಆ ಸೂಚನೆಯ ಸಾಲು ನನಗೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಬಾಗಿಲಿನತ್ತ ನಡೆಯುವಾಗ ಆಯಿಯ ಕೈ ಗೋಡೆ ತಡವುತ್ತಿತ್ತು.

ಆಗ ಅಕ್ಕೋರು ಕುರ್ಚಿ ಬಿಟ್ಟು ಎದ್ದರು. "ಆಯಿ, ನಿಂದರ್ರಿ. ಒಡಪಾ ಹಾಕಿ ಹೇಳ್ರಿ."

ನಮ್ಮ ಕಡೆ ಮದುವೆಯಲ್ಲಿ ಹೊಸ ಸೊಸೆ ಮನೆ ಹೊಗುವಾಗ ಹೆಂಗಸರು ಬಾಗಿಲು ತಡೆಯುತ್ತಾರೆ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಬರೀ ಹೆಸರು ಹೇಳುವ ಹಾಗಿಲ್ಲ. ನಾಲ್ಕು ಸಾಲು ಪದ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದು ಒಡಪು. ಆ ಒಂದು ಗಳಿಗೆಯಲ್ಲಿ ಹೆಸರು ಹೇಳಿದರೆ ತಪ್ಪಿಲ್ಲ.

ಆಯಿ ಯೋಚನೆ ಮಾಡಿದಳು. "ಬಾಗಲಾ ತಡೀದ ಒಡಪಾ ಹೆಂಗ ಹೇಳ್ಲಿ?"

ಗಂಟೆ ನಾಲ್ಕೂವರೆ. ಆಯಿಯನ್ನು ಹೊರಗೆ ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಹಿಂದೆ ವಿಜಯಪುರದ ಕಡೆಗೆ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅಕ್ಕೋರೂ ಸೊಸೆಯೂ ಕಚೇರಿಯ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತರು. ಬೆಂಚಿನ ಹೆಂಗಸರು ಹಿಂದೆ ಸೇರಿದರು. "ಹೆಸರ ಹೇಳಿ ಒಳಗ ಬಾ!" ಎಂದು ಒಬ್ಬಳು ಕೂಗಿದಳು. "ಗಂಡಸರು ಆಕಡಿ ಮಾರಿ ಮಾಡ್ರಿ!" ಎಂದಳು ಇನ್ನೊಬ್ಬಳು. ಅಲ್ಲಿದ್ದ ಗಂಡಸು ನಾನೊಬ್ಬನೇ. ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಬೆನ್ನ ಹಿಂದೆ ಆಯಿಯ ದನಿ ಕೇಳಿತು, ಇಪ್ಪತ್ತರ ಹುಡುಗಿಯ ನಾಚಿಕೆ ಅದರಲ್ಲಿತ್ತು:

"ಜ್ವಾಳದ ಹೊಲದಾಗ ಹಾಲ ತೆನಿ ಸಾಲ,
ಹಕ್ಕಿ ಕಾಯಾಕ ಕುಂತಾರ ಬಿಟ್ಟು ಮನಿ ಬಾಗಲ,
ಕಣ್ಣ ಬಂದ್ರ ಮದಲ ಅವ್ರ ಮಾರಿ ನೋಡಾಕ,
……ರ ಹೆಸರ ಹೇಳ್ತೇನಿ ಕಂಪ್ಯೂಟರಿನಾಗ ಹಾಕಾಕ."

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಇಷ್ಟು ಕಷ್ಟಪಟ್ಟು ಹೇಳಿದ್ದನ್ನು ನಾನು ಸಸಾರ ಮಾಡಬಾರದು.

ಅಕ್ಕೋರು ಓಡಿ ಬಂದು ಕೂತರು. ಸೂಚನೆಯ ಪ್ರಕಾರ, ರೋಗಿಯ ಮಾತಿನಲ್ಲೇ, ನಾಲ್ಕೂ ಸಾಲು ಗಂಡನ ಹೆಸರಿನ ಕಾಲಮ್ಮಿನಲ್ಲಿ ಹೊಡೆಯತೊಡಗಿದರು. "ಬರೇ ಹೆಸರು ಸಾಕ್ರಿ," ಅಂದೆ. "ಬರೇ ಹೆಸರು ಆಕಿ ಹೇಳಿಲ್ಲಲ್ರಿ," ಅಂದರು. ಎರಡನೇ ಸಾಲಿಗೆ ಕಾಲಮ್ಮು ತುಂಬಿತು. ಐವತ್ತು ಅಕ್ಷರದ ಮಿತಿ. ಹಾಕಿದವನು ನಾನೇ. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಆ ಮಿತಿ ತೆಗೆದೆ. ಏಳು ನಿಮಿಷ ಇರುವಾಗ ಒಡಪು ದೂರದ ಕಂಪ್ಯೂಟರಿಗೆ ಹೋಗಿ ಇಂಗ್ಲಿಷಾಗಿ ಬಂತು. ಮೂರು ತಾಲೂಕಿನ ಯಾವ ಗಂಡನಿಗೂ ತಾಳೆಯಾಗಲಿಲ್ಲ. ಗೆರೆ ಹಸಿರಾಯಿತು.

ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರ ಫೋನು. ಜೋಳದ ತೆನೆ, ಹಕ್ಕಿ, ಬಾಗಿಲು, ಇದು ಒಬ್ಬ ಮನುಷ್ಯನ ಹೆಸರೇ ಅಂತ. ಎಲ್ಲ ಹೇಳಿದೆ, ನನ್ನ ಸೂಚನೆಯದ್ದೂ ಸೇರಿಸಿ. ಅವರು ಇಂಥವರು ಇನ್ನೂ ಇದ್ದಾರೆಯೇ ಅಂತ ಕೇಳಿದರು. ಗಂಡನ ಮೇಲೆ ಗೌರವ ಇರುವವರೆಲ್ಲ, ಅಂದೆ. ಅವರು ಆ ನಿಯಮವನ್ನೇ ತೆಗೆಸಿದರು, ಕಿಟಕಿಯನ್ನು ಇನ್ನೆರಡು ದಿನ ತೆರೆದಿಟ್ಟರು. ಮೂರು ತಾಲೂಕಿನ ಕೆಂಪು ಗೆರೆಯ ಹೆಂಗಸರೆಲ್ಲ ವಾಪಸು ಬಂದರು. ಡಾಕ್ಟರ ಮನಸ್ಸು ಮೆತ್ತಗಾದದ್ದರಲ್ಲಿ ಅಫಜಲಪುರದವರ ಕುಶಲಪ್ರಶ್ನೆಯ ಪಾಲೂ ಇತ್ತು ಅಂತ ಈಗ ಒಪ್ಪುತ್ತೇನೆ, ಅವರೆದುರು ಅಲ್ಲ.

ಆಪರೇಷನ್ ಆಗಿ ಒಂದು ತಿಂಗಳ ಮೇಲೆ ಆಯಿ ಜೇವರ್ಗಿ ಕಚೇರಿಗೆ ಬಂದಳು. ಸೊಸೆಯ ಕೈ ಹಿಡಿದಿರಲಿಲ್ಲ. ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದನಿ ಕೇಳಿ ಯಾರೋ ದೊಡ್ಡ ಮನಷ್ಯಾ ಅನ್ಕೊಂಡಿದ್ನೆಪಾ," ಅಂದಳು.

"ಯಜಮಾನ್ರ ಮಾರಿ ನೋಡಿದ್ರೇನು ಆಯಿ, ಒಡಪಿನಾಗ ಹೇಳಿದಂಗ?"

"ನೋಡಿದ್ನಿ. ಅಷ್ಟ ಗಡಬಡಿ ಏನ್ ಇರ್ಲಿಲ್ಲ."

ಆಮೇಲೆ ಪರದೆಯ ಹತ್ತಿರ ಬಂದು ದನಿ ತಗ್ಗಿಸಿದಳು. "ಅವ್ರ ಹೆಸರ ಎಲ್ಲಿ ಅದ, ಬಟ್ಟಿಟ್ಟು ತೋರ್ಸು. ಬಾಯಿ ಬಿಟ್ಟು ಹೇಳಬ್ಯಾಡ ಮತ್ತ."

ಅಷ್ಟುದ್ದದ ಸಾಲುಗಳಲ್ಲಿ ಆ ಹೆಸರಿನ ಕೆಳಗೆ ಬೆರಳಿಟ್ಟೆ. ಓದಲು ಅವಳಿಗೆ ಬಾರದು. ಒಂದು ಕಣ್ಣಿನಿಂದ ಬಹಳ ಹೊತ್ತು ಅದನ್ನೇ ನೋಡಿದಳು. ಬೆರಳಿನಿಂದ ಅಳತೆ ಮಾಡಿದಳು, ಒಂದು ಗೇಣೂ ಇರಲಿಲ್ಲ, ಅರ್ಧ ಬೆರಳು.

"ಇಷ್ಟ ಸಣ್ಣದೇನೋ!" ಅಂದಳು ಆಯಿ. "ಇದಕ್ಕ ನಾ ಲಗ್ನ ಆದಾಗಿಂದ ಅಂಜಕೋತ ಕುಂತಿದ್ನಲ್ಲೋ!"